ನುಸಿಮರಿಗೆ ಬೇವಿನ ಕಹಿ: ಮದ್ದು ಉಂಟು, ವಾರ ತಪ್ಪಬಾರದು

ಕಾಸರಗೋಡು: ಮಳೆ ಹಿಡಿಯಿತೆಂದರೆ ಗಡಿನಾಡಿನ ತೋಟಗಳಿಗೆ ಎರಡು ತಲೆನೋವು ಒಟ್ಟಿಗೇ ಬರುತ್ತವೆ. ಒಂದು ಅಡಿಕೆಯ ಕೊಳೆರೋಗ, ಇನ್ನೊಂದು ನುಸಿ. ಕೊಳೆಗೆ ಬೋರ್ಡೋ ದ್ರಾವಣ ಉಂಟು. ನುಸಿಗೆ ಎಂತ ಉಂಟು? ಸಂಜೆ ಬಾಗಿಲು ಹಾಕಿ ಕಾಯಿಲ್ ಹಚ್ಚುವುದು, ಹಟ್ಟಿಯಲ್ಲಿ ಹೊಗೆ ಹಾಕುವುದು, ಜ್ವರ ಬಂದರೆ ಆಸ್ಪತ್ರೆಗೆ ಓಡುವುದು. ಇಷ್ಟೇ ನಡೆದುಕೊಂಡು ಬಂದಿದೆ. ಆದರೆ ರೆಕ್ಕೆ ಬಂದ ನುಸಿಯ ಹಿಂದೆ ಓಡುವುದಕ್ಕಿಂತ ಅದು ನೀರಿನಲ್ಲಿ ಮರಿಯಾಗಿರುವಾಗಲೇ ಮುಗಿಸುವುದು ಸುಲಭ. ಅದಕ್ಕೆ ಬೇವು, ಗೇರುಬೀಜದ ಸಿಪ್ಪೆಯಂಥ ಸಸ್ಯಮೂಲದ ಮದ್ದುಗಳೂ ಉಂಟು. ಅವು ಎಷ್ಟು ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಈ ಜಿಲ್ಲೆಯ ಜನ ಬೇರೆಯವರಿಗಿಂತ ಹೆಚ್ಚು ಎಚ್ಚರದಿಂದ ತಿಳಿದುಕೊಳ್ಳಬೇಕಾಗಿದೆ. ಯಾಕೆಂದರೆ ಮದ್ದು ಸಿಂಪಡಣೆಯ ಕಹಿಯನ್ನು ಇಲ್ಲಿನವರು ಉಂಡಷ್ಟು ಬೇರೆ ಯಾರೂ ಉಂಡಿಲ್ಲ.

ನುಸಿಯೇ ಅಲ್ಲದ ‘ನುಸಿ’ಗಾಗಿ

ಸರಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸುರಿದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದು ಯಾವ ಕೀಟದ ಹೆಸರಿನಲ್ಲಿ ನಡೆಯಿತು ಎಂಬುದು ಹಲವರಿಗೆ ಮರೆತುಹೋಗಿದೆ. ಆ ಕೀಟದ ಹೆಸರು ಟೀ ಮಸ್ಕಿಟೊ, ಅಂದರೆ ಚಹಾ ಸೊಳ್ಳೆ. ಹೆಸರಿನಲ್ಲಿ ಸೊಳ್ಳೆ ಇದ್ದರೂ ಅದು ಸೊಳ್ಳೆಯಲ್ಲ. ಗೇರಿನ ಚಿಗುರು, ಹೂ ಮತ್ತು ಎಳೆಕಾಯಿಯ ರಸ ಹೀರುವ ಒಂದು ತಿಗಣೆ ಜಾತಿ. ಅದು ಮನುಷ್ಯರನ್ನು ಕಚ್ಚಿ ರೋಗ ಹರಡುವುದಿಲ್ಲ.

ಆದರೆ ಆ ಕೀಟಕ್ಕೆಂದು ಬಿದ್ದ ಮದ್ದು ಗುಡ್ಡದ ಇಳಿಜಾರಿನಲ್ಲಿ ಹರಿದು ತೋಡು, ಕೆರೆ, ಸುರಂಗದ ನೀರಿನ ತೊಟ್ಟಿಗಳಿಗೆ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣೀನಗರ ಪರಿಸರದ ಮಕ್ಕಳಲ್ಲಿ ಕಂಡ ಕಾಯಿಲೆಗಳನ್ನು ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಲೋಕಕ್ಕೆ ತಿಳಿಸಿದರು. 2011ರ ಎಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಉತ್ಪಾದನೆ ಹಾಗೂ ಮಾರಾಟಕ್ಕೆ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಪರಿಹಾರ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು.

ಹೀಗಿರುವಾಗ ಆರೋಗ್ಯ ಇಲಾಖೆಯವರು ಪಂಪು ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಬಂದರೆ ಹಿರಿಯರು ಮುಖ ಸಿಂಡರಿಸುವುದರಲ್ಲಿ ಆಶ್ಚರ್ಯವಿಲ್ಲ. ಹೆಲಿಕಾಪ್ಟರ್‌ನಿಂದ ಊರ ಮೇಲೆ ಸುರಿದದ್ದು ಬೇರೆ, ಅಳತೆ ಮಾಡಿ ಒಂದು ತೊಟ್ಟಿಗೆ ಹಾಕುವ ಟೆಮೆಫಾಸ್‌ನಂಥ ಮದ್ದು ಬೇರೆ, ನಿಜ. ಆದರೂ ‘ಗಿಡದಿಂದ ಮಾಡಿದ ಮದ್ದು ಇಲ್ಲವೇ?’ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಉಂಟು. ಆದರೆ ಅದು ‘ಉಂಟು’ ಎಂಬ ಒಂದು ಶಬ್ದದಲ್ಲಿ ಮುಗಿಯುವುದಿಲ್ಲ.

ಹಾಳೆಯ ನೀರಿನಲ್ಲಿ ಹುಲಿ

ಮೊದಲು ಶತ್ರು ಯಾರೆಂದು ತಿಳಿಯಬೇಕು. ನಮ್ಮ ತೋಟಗಳಲ್ಲಿ ಹಗಲು ಹೊತ್ತು ಕಚ್ಚುವ ಕಪ್ಪು ಮೈಯ, ಬಿಳಿ ಪಟ್ಟೆಯ ನುಸಿಗೆ ಏಡಿಸ್ ಆಲ್ಬೊಪಿಕ್ಟಸ್ ಎಂದು ಹೆಸರು. ಪಟ್ಟೆ ನೋಡಿ ಹುಲಿನುಸಿ ಎಂದೂ ಕರೆಯುತ್ತಾರೆ. ಪೇಟೆಯ ಮನೆಗಳಲ್ಲಿ ಅದರ ಅಕ್ಕ ಏಡಿಸ್ ಈಜಿಪ್ಟಿ ಇರುತ್ತದೆ. ಡೆಂಗ್ಯೂ, ಚಿಕೂನ್‌ಗುನ್ಯಾ ಎರಡನ್ನೂ ಹರಡುವುದು ಈ ಜೋಡಿಯೇ.

1973ರ ಬಳಿಕ ಹೆಚ್ಚುಕಡಿಮೆ ಮರೆಯಾಗಿದ್ದ ಚಿಕೂನ್‌ಗುನ್ಯಾ 2006ರಲ್ಲಿ ದೇಶಕ್ಕೆ ಮರಳಿತು. 2006 ಮತ್ತು 2007ರಲ್ಲಿ ಕೇರಳ ಅದರಿಂದ ನರಳಿತು. 2007ರಲ್ಲಿ ಇಲ್ಲಿ ಕಂಡ ವೈರಸ್ಸಿನಲ್ಲಿ ಒಂದು ಸಣ್ಣ ಮಾರ್ಪಾಡು ಆಗಿತ್ತು. ಅದರಿಂದ ಹುಲಿನುಸಿಯ ಹೊಟ್ಟೆಯಲ್ಲಿ ವೈರಸ್ ಇನ್ನಷ್ಟು ಚೆನ್ನಾಗಿ ಬೆಳೆಯುವಂತಾಯಿತು. ತೋಟದ ನಾಡಿಗೆ ಅದು ದೊಡ್ಡ ಪೆಟ್ಟು. 2017ರಲ್ಲಿ ರಾಜ್ಯ ದೊಡ್ಡ ಪ್ರಮಾಣದ ಡೆಂಗ್ಯೂ ಕಂಡಿತು.

ಈ ನುಸಿಗೆ ಕೆರೆ ಬೇಡ, ಹೊಳೆ ಬೇಡ. ಒಂದು ಚಿಪ್ಪು ನೀರು ಸಾಕು. ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಹಾಲಿನ ತಟ್ಟೆ, ಕೊಕ್ಕೋ ಕಾಯಿಯ ಓಡು, ಇಲಿ ಕೊರೆದ ಬೊಂಡ, ಅನಾನಸಿನ ಎಲೆಯ ಬುಡ, ಮರದ ಪೊಟರೆ, ಹಳೆ ಟಯರ್, ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿ ಎಲ್ಲವೂ ಅದಕ್ಕೆ ಬಾಣಂತಿ ಕೋಣೆಯೇ. ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಚ್ಚಗಿನ ದಿನಗಳಲ್ಲಿ 7ರಿಂದ 10 ದಿನ ಸಾಕು. ನೀರು ಒಣಗಿದರೂ ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ. ಮುಂದಿನ ಮಳೆಗೆ ನೆನೆದಾಗ ಒಡೆಯುತ್ತದೆ. ಬೇಸಗೆಯಲ್ಲಿ ಒಂದು ನುಸಿಯೂ ಇಲ್ಲದ ತೋಟದಲ್ಲಿ ಜೂನ್ ಮೊದಲ ವಾರದಲ್ಲೇ ನುಸಿ ಗುಂಯ್‌ಗುಡುವುದರ ಗುಟ್ಟು ಇದೇ.

ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಮಲಯಾಳದಲ್ಲಿ ‘ಕೂತ್ತಾಡಿ’ ಉಂಟಾ ಎಂದು ಕೇಳುವುದು ನೀರಿನಲ್ಲಿ ಬಾಲ ಕುಣಿಸುವ ಈ ಮರಿಯನ್ನೇ. ನಮ್ಮ ಮನೆಗಳಲ್ಲಿ ಅದಕ್ಕೆ ನುಸಿಮರಿ ಎನ್ನುತ್ತೇವೆ. ಪುಸ್ತಕದಲ್ಲಿ ಲಾರ್ವ.

ಬೇವು ಮಾಡುವುದು ಎಂತ?

ಕಹಿಬೇವಿನ ಬೀಜದಲ್ಲಿ ಅಜಾಡಿರಾಕ್ಟಿನ್ ಎಂಬ ವಸ್ತು ಉಂಟು. ನುಸಿಮರಿ ದೊಡ್ಡದಾಗಲು ನಾಲ್ಕು ಹಂತಗಳಲ್ಲಿ ಪೊರೆ ಕಳಚಬೇಕು. ಆ ಕೆಲಸ ನಡೆಸುವ ಹಾರ್ಮೋನಿನ ಲೆಕ್ಕವನ್ನು ಅಜಾಡಿರಾಕ್ಟಿನ್ ತಪ್ಪಿಸುತ್ತದೆ. ಮರಿ ಪೊರೆಯೊಳಗೇ ಸಿಕ್ಕಿ ಸಾಯುತ್ತದೆ, ಇಲ್ಲವೇ ರೆಕ್ಕೆ ಬರದೆ ಉಳಿಯುತ್ತದೆ. ಹಾಕಿದ ಕೂಡಲೇ ಸಾಯುವ ವಿಷ ಇದಲ್ಲ. ಕೆಲವು ದಿನ ಬೇಕು. ಎಣ್ಣೆಯ ರೂಪದಲ್ಲಿ ಹಾಕಿದರೆ ನೀರಿನ ಮೇಲೆ ತೆಳುವಾದ ಪದರವೂ ಏಳುತ್ತದೆ. ಬಾಲದ ತುದಿಯ ಕೊಳವೆಯನ್ನು ಮೇಲಕ್ಕೆ ಚಾಚಿ ಉಸಿರಾಡುವ ಮರಿಗೆ ಅದರಿಂದ ಉಸಿರು ಕಟ್ಟುತ್ತದೆ.

ಇದು ಬರಿಯ ಅಜ್ಜಿಮದ್ದಲ್ಲ. ನಮ್ಮ ದೇಶದಲ್ಲೇ ಪರೀಕ್ಷೆಗಳು ನಡೆದಿವೆ. 1990ರ ದಶಕದಲ್ಲಿ ಮದುರೆಯ ವೈದ್ಯಕೀಯ ಕೀಟಶಾಸ್ತ್ರ ಸಂಶೋಧನಾ ಕೇಂದ್ರದವರು ಭತ್ತದ ಗದ್ದೆಗಳಲ್ಲಿ ಬೇವಿನ ಹಿಂಡಿ ಬಳಸಿ ನುಸಿಮರಿ ಕಡಿಮೆಯಾಗುವುದನ್ನು ತೋರಿಸಿದರು. ಹಿಂಡಿ ಲೇಪಿಸಿದ ಯೂರಿಯಾ ಹಾಕಿ, ಗದ್ದೆಯ ನೀರನ್ನು ಆಗಾಗ ಬತ್ತಿಸಿದಲ್ಲಿ ಫಲ ಇನ್ನೂ ಚೆನ್ನಾಗಿತ್ತು. ದಿಲ್ಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು 1995ರಲ್ಲಿ ಬೇವಿನೆಣ್ಣೆಯಲ್ಲಿ ನೆನೆಸಿದ ಮರದ ಹೆರೆತದ ಉಂಡೆಗಳನ್ನು ನೀರಿನ ಟ್ಯಾಂಕಿಗೆ ಹಾಕಿ ಸುಮಾರು 45 ದಿನ ನುಸಿಮರಿ ಏಳದಂತೆ ತಡೆದುದನ್ನು ವರದಿ ಮಾಡಿದರು. 1998ರಲ್ಲಿ ಅದೇ ಕೇಂದ್ರದಿಂದ ಶೇ. 5ರ ಬೇವಿನೆಣ್ಣೆ-ನೀರಿನ ಮಿಶ್ರಣದ ಪರೀಕ್ಷೆ ಬಂತು. 2009ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಸರಿಯಾಗಿ ತಯಾರಿಸಿದ ಬೇವಿನೆಣ್ಣೆಯು ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗಕ್ಕಿಂತ ಕಡಿಮೆ ಇದ್ದರೂ ಪ್ರಯೋಗಶಾಲೆಯಲ್ಲಿ ಅರ್ಧದಷ್ಟು ಮರಿಗಳನ್ನು ಕೊಂದಿತು.

ಇಷ್ಟಾದ ಮೇಲೂ ಬೇವು ಎಲ್ಲ ಕಡೆ ಬಳಕೆಗೆ ಯಾಕೆ ಬರಲಿಲ್ಲ? ಯಾಕೆಂದರೆ ಅದು ಬೇಗ ಕರಗಿ ಹೋಗುತ್ತದೆ. ಬಿಸಿಲು ತಾಗಿದರೆ ಅಜಾಡಿರಾಕ್ಟಿನ್ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಮಳೆ ಬಂದರೆ ತೊಳೆದುಹೋಗುತ್ತದೆ. 3,000 ಮಿ.ಮೀ. ಮೀರಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಕೇಳಬೇಕೇ? ಇನ್ನೊಂದು ತೊಡಕೂ ಉಂಟು. ನುಸಿಮರಿ ಕೊನೆಯಲ್ಲಿ ಅಲ್ಪವಿರಾಮದ ಆಕಾರದ ಕೋಶವಾಗುತ್ತದೆ. ಆ ಹಂತದಲ್ಲಿ ಅದು ಏನೂ ತಿನ್ನುವುದಿಲ್ಲ. ಹಾಗಾಗಿ ಬೇವಿನ ಕಹಿ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಎರಡು ದಿನದಲ್ಲಿ ಅದು ನುಸಿಯಾಗಿ ಹಾರುತ್ತದೆ.

ಎಂಡೋಸಲ್ಫಾನ್ ಮಣ್ಣಿನಲ್ಲಿ, ನೀರಿನಲ್ಲಿ, ಮೈಯಲ್ಲಿ ಉಳಿದುಕೊಂಡದ್ದರಿಂದಲೇ ಅನಾಹುತವಾಯಿತು. ಬೇವು ಉಳಿಯುವುದಿಲ್ಲ. ಅದೇ ಅದರ ದೊಡ್ಡ ಗುಣ, ಅದೇ ಅದರ ದೊಡ್ಡ ಕೊರತೆ. ಉಳಿಯದ ಮದ್ದನ್ನು ನಂಬುವವರು ವಾರ ವಾರ ಕೈ ಆಡಿಸಬೇಕು. ಒಮ್ಮೆ ಹಾಕಿ ಮರೆತುಬಿಡುವ ಹಾಗಿಲ್ಲ.

ಎಲೆ ಹಾಕಿದರೆ ಉಲ್ಟಾ ಹೊಡೆದೀತು

ಹಲವರು ಮಾಡುವ ಒಂದು ತಪ್ಪು ಉಂಟು. ನಾಲ್ಕು ಬೇವಿನ ಎಲೆ ಅಥವಾ ತುಳಸಿ ಗೆಲ್ಲು ತಂದು ತೊಟ್ಟಿಗೆ ಹಾಕಿ, ನುಸಿ ಬರುವುದಿಲ್ಲ ಎಂದು ನಿಶ್ಚಿಂತರಾಗುತ್ತಾರೆ. ಮದ್ದಿನ ಅಂಶ ಹೆಚ್ಚಿರುವುದು ಬೀಜದಲ್ಲಿ, ಎಲೆಯಲ್ಲಿ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ನೀರಿನಲ್ಲಿ ಕೊಳೆಯುವ ಎಲೆ ನುಸಿಗೆ ಆಮಂತ್ರಣ ಪತ್ರಿಕೆ ಇದ್ದಂತೆ. ಕೊಳೆತ ಎಲೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳೇ ಮರಿಯ ಊಟ. ಆ ವಾಸನೆಗೆ ತಾಯಿನುಸಿ ಹುಡುಕಿಕೊಂಡು ಬರುತ್ತದೆ. ನುಸಿ ಎಣಿಸುವ ಸಂಶೋಧಕರು ಬಲೆ ಒಡ್ಡುವಾಗ ಒಣಹುಲ್ಲು ಕೊಳೆಸಿದ ನೀರನ್ನೇ ಇಡುವುದು ಇದೇ ಕಾರಣಕ್ಕೆ. ಬೇವಿನ ಎಲೆಯ ಹೊಗೆಯ ಕತೆಯೂ ಹಾಗೆಯೇ. ಅದು ರೆಕ್ಕೆ ಬಂದ ನುಸಿಯನ್ನು ಸ್ವಲ್ಪ ಹೊತ್ತು ದೂರ ಇಡಬಹುದು. ಅಂಗಳದ ಹಾಳೆಯಲ್ಲಿರುವ ಮರಿಗೆ ಅದರಿಂದ ಏನೂ ಆಗುವುದಿಲ್ಲ.

ಮತ್ತೆ ಬಳಸುವುದು ಹೇಗೆ? ಶೇ. 5ರ ಮಿಶ್ರಣ ಎಂದರೆ ಒಂದು ಲೀಟರ್ ನೀರಿಗೆ 50 ಮಿ.ಲೀ. ಬೇವಿನೆಣ್ಣೆ. ಎಣ್ಣೆ ನೀರಿಗೆ ಬೆರೆಯುವುದಿಲ್ಲವಾದ್ದರಿಂದ ಸ್ವಲ್ಪ ಸಾಬೂನು ನೀರು ಸೇರಿಸಿ, ಹಾಲಿನ ಬಣ್ಣ ಬರುವವರೆಗೆ ಚೆನ್ನಾಗಿ ಕಲಕಬೇಕು. ಕಲಕಿದ್ದನ್ನು ಅಂದೇ ಬಳಸಬೇಕು. 1998ರ ಪರೀಕ್ಷೆಯಲ್ಲಿ ಒಂದು ಚದರ ಮೀಟರ್ ನೀರಿನ ಮೇಲ್ಮೈಗೆ 50 ಮಿ.ಲೀ. ಮಿಶ್ರಣ ಸಿಂಪಡಿಸಿದ್ದರು. ಆ ಲೆಕ್ಕದಲ್ಲಿ ಒಂದು ಲೀಟರ್ ಮಿಶ್ರಣ 20 ಚದರ ಮೀಟರಿಗೆ ಸಾಕು. ಸಂಜೆ ಹೊತ್ತು ಹಾಕುವುದು ಒಳ್ಳೆಯದು, ಬಿಸಿಲು ತಾಗುವುದಿಲ್ಲ. ವಾರಕ್ಕೊಮ್ಮೆ ಪುನಃ ಹಾಕಬೇಕು. ನಡುವೆ ಜೋರು ಮಳೆ ಬಂದರೆ ಮಳೆ ಬಿಟ್ಟ ಕೂಡಲೇ ಹಾಕಬೇಕು. ಬಚ್ಚಲು ನೀರಿನ ಹೊಂಡ, ಚರಂಡಿ, ತೆಂಗಿನ ಸಿಪ್ಪೆ ನೆನೆಹಾಕಿದ ಗುಂಡಿ, ಮಗುಚಲಾಗದ ಮರದ ಪೊಟರೆ ಇಂಥ ಕಡೆಗೆ ಮಾತ್ರ ಇದು. ಕುಡಿಯುವ ನೀರಿಗೆ ಖಂಡಿತ ಬೇಡ.

ಗೇರಿನ ಸೊನೆಯೂ ಕಾಸರಕದ ಬೀಜವೂ

ಬೇವು ಒಣನಾಡಿನ ಮರ. ಬಳ್ಳಾರಿ, ರಾಯದುರ್ಗ, ಆದೋನಿ ಕಡೆ ರಸ್ತೆ ಬದಿಯಲ್ಲೆಲ್ಲ ಕಾಣುವ ಮರ ನಮ್ಮ ಕೆಂಪುಮಣ್ಣಿನ ಮಳೆನಾಡಿನಲ್ಲಿ ಅಷ್ಟು ಹುಲುಸಾಗಿ ಬರುವುದಿಲ್ಲ. ಹಾಗಾದರೆ ನಮ್ಮ ಮಣ್ಣಿನ ಗಿಡ ಯಾವುದು? ಮೊದಲು ನೆನಪಾಗುವುದು ಗೇರು.

ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದರಿಂದ ಮಲಯಾಳದಲ್ಲಿ ಇದಕ್ಕೆ ‘ಪರಂಗಿಮಾವು’ ಎಂದೇ ಹೆಸರು. ಬೀಜದ ಸಿಪ್ಪೆಯಲ್ಲಿರುವ ಸೊನೆ ಕೈಗೆ ತಾಗಿದರೆ ಬೊಬ್ಬೆ ಏಳುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಆ ಸೊನೆಯ ಬಹುಪಾಲು ಅನಾಕಾರ್ಡಿಕ್ ಆಮ್ಲ. ಅದು ಏಡಿಸ್ ಮರಿಗಳನ್ನು ಕೊಲ್ಲುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಗೇರಿನ ತವರಾದ ಬ್ರೆಜಿಲ್‌ನ ಸಂಶೋಧಕರು ಇದೇ ಆಮ್ಲದ ಸೋಡಿಯಂ ಲವಣವನ್ನೂ ಪರೀಕ್ಷಿಸಿದ್ದಾರೆ. ನೀರಿನಲ್ಲಿ ಸುಲಭವಾಗಿ ಕರಗುವುದು ಅದರ ಅನುಕೂಲ. ಸಿಪ್ಪೆಯನ್ನು ಜೋರಾಗಿ ಕಾಯಿಸಿದರೆ ಈ ಆಮ್ಲ ಒಡೆದು ಕಾರ್ಡನಾಲ್ ಎಂಬ ಬೇರೆ ವಸ್ತುವಾಗುತ್ತದೆ. ಬೀಜದ ಕಾರ್ಖಾನೆಯಿಂದ ಬರುವ ಎಣ್ಣೆ, ತೋಟದ ಹಸಿ ಸೊನೆ ಎರಡೂ ಒಂದೇ ಅಲ್ಲ ಎಂಬುದನ್ನು ಇದರಿಂದ ತಿಳಿಯಬೇಕು.

ಹಾಗೆಂದು ಸಿಪ್ಪೆ ಜಜ್ಜಿ ನೀರಿಗೆ ಹಾಕಲು ಯಾರೂ ಹೊರಡಬಾರದು. ಕೈಸುಡುವ ಸೊನೆ ಮೀನಿಗೂ ಕಪ್ಪೆಗೂ ಆಗದು. ಅಳತೆ ಗೊತ್ತಿಲ್ಲದೆ ಮನೆಯಲ್ಲಿ ಮಾಡುವ ಕೆಲಸ ಇದಲ್ಲ. ಎಂಡೋಸಲ್ಫಾನ್ ಬಿದ್ದದ್ದು ಗೇರಿನ ಹೆಸರಿನಲ್ಲಿ; ಅದೇ ಗೇರಿನ ಸಿಪ್ಪೆಯಿಂದ ಮುಂದೆ ಸುರಕ್ಷಿತವಾದ ಮದ್ದು ಬಂದರೆ ಒಳ್ಳೆಯದೇ. ಆದರೆ ಅದು ಪ್ರಯೋಗಶಾಲೆಯ ದಾರಿಯಲ್ಲೇ ಬರಬೇಕು.

ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆಗೆ ಈ ಊರಿನ ಹೆಸರೇ ಎಚ್ಚರಿಕೆ ಹೇಳುತ್ತದೆ. ಕಾಸರಗೋಡು ಎಂಬ ಹೆಸರು ಕಾಸರಕ ಮರದಿಂದ ಬಂತು ಎನ್ನುವವರಿದ್ದಾರೆ. ಮಲಯಾಳದಲ್ಲಿ ಅದು ಕಾಞಿರ. ಆ ಮರದ ಬೀಜದಲ್ಲಿರುವುದು ಪ್ರಾಣ ತೆಗೆಯುವ ಸ್ಟ್ರಿಕ್ನಿನ್. ಹೊಳೆಯಲ್ಲಿ ಮೀನು ಹಿಡಿಯಲು ಹಿಂದೆ ಜಜ್ಜಿ ಹಾಕುತ್ತಿದ್ದ ಕಾರೆಕಾಯಿಯೂ ಗಿಡದ್ದೇ. ಅಂಟುವಾಳದ ನೊರೆಯೂ ಮೀನಿಗೆ ಮಾರಕ. ಬೇವಿನೆಣ್ಣೆಯೂ ಈ ಮಾತಿಗೆ ಹೊರತಲ್ಲ. ಅದನ್ನು ಹೊಟ್ಟೆಗೆ ಕುಡಿಸಿದ ಎಳೆಮಕ್ಕಳು ತೀವ್ರ ಅಸ್ವಸ್ಥರಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಬಾಟಲಿ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಸುರಂಗದ ನೀರಿಗೆ ಮೀನು

ಬಾಯಾರು, ಪಡ್ರೆ, ಎಣ್ಮಕಜೆ ಕಡೆಯ ಬಹಳ ಮನೆಗಳಿಗೆ ಗುಡ್ಡ ಕೊರೆದ ಸುರಂಗದ ನೀರೇ ಜೀವ. ಸುರಂಗದಿಂದ ಹರಿದು ಬಂದ ನೀರು ತೆರೆದ ತೊಟ್ಟಿಯಲ್ಲಿ ನಿಲ್ಲುತ್ತದೆ. ಕುಡಿಯಲು, ಅಡುಗೆಗೆ, ದನಕ್ಕೆ, ತೋಟಕ್ಕೆ ಎಲ್ಲಕ್ಕೂ ಅದೇ ನೀರು. ಇಂಥ ನೀರಿಗೆ ಬೇವೂ ಬೇಡ, ಗೇರೂ ಬೇಡ. ಸಾಧ್ಯವಿದ್ದಲ್ಲಿ ಸಣ್ಣ ಕಣ್ಣಿನ ನೈಲಾನ್ ಬಲೆ ಮುಚ್ಚಿ ಅಂಚು ಬಿಗಿಯಾಗಿ ಕಟ್ಟಬೇಕು. ವಾರಕ್ಕೊಮ್ಮೆ ಖಾಲಿ ಮಾಡಬಹುದಾದ ತೊಟ್ಟಿಯಾದರೆ ಖಾಲಿ ಮಾಡಿ, ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ಉಜ್ಜದಿದ್ದರೆ ಅಂಟಿದ ಮೊಟ್ಟೆ ಹಾಗೆಯೇ ಉಳಿಯುತ್ತದೆ.

ಖಾಲಿ ಮಾಡಲಾಗದ ದೊಡ್ಡ ತೊಟ್ಟಿ, ಬಾವಿಗಳಿಗೆ ಮೀನು ಒಳ್ಳೆಯ ಉಪಾಯ. ಕರ್ನಾಟಕದ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಮಲೇರಿಯಾ ಹರಡುವ ನುಸಿಯನ್ನು ಹತೋಟಿಗೆ ತಂದ ಅನುಭವ ಉಂಟು. ಆದರೆ ಗಪ್ಪಿ ನಮ್ಮ ನೆಲದ ಮೀನಲ್ಲ. ತೋಡಿಗೆ, ಹೊಳೆಗೆ ಬಿಟ್ಟರೆ ಅಲ್ಲಿನ ಮೂಲ ಮೀನುಗಳಿಗೆ ಕುತ್ತು. ಮುಚ್ಚಿದ ತೊಟ್ಟಿ, ಬಾವಿಗಷ್ಟೇ ಅದು. ನಮ್ಮ ಗದ್ದೆ, ತೋಡುಗಳಲ್ಲೇ ನೀರಿನ ಮೇಲ್ಪದರದಲ್ಲಿ ಈಜುವ, ತಲೆಯ ಮೇಲೆ ಬೆಳ್ಳಿ ಚುಕ್ಕೆಯ ಪುಟ್ಟ ಮೀನೊಂದು ಉಂಟು. ಮಲಯಾಳದಲ್ಲಿ ಅದಕ್ಕೆ ‘ಮಾನತ್ತುಕಣ್ಣಿ’, ಅಂದರೆ ಆಕಾಶ ನೋಡುವ ಕಣ್ಣಿನದು ಎಂದು ಹೆಸರು. ಅದೂ ನುಸಿಮರಿಯನ್ನು ಚೆನ್ನಾಗಿ ತಿನ್ನುತ್ತದೆ. ಮೀನು ಬಿಟ್ಟ ನೀರಿಗೆ ಯಾವ ಎಣ್ಣೆಯನ್ನೂ ಹಾಕಬಾರದು.

ಗಿಡವಲ್ಲದಿದ್ದರೂ ಇದೇ ಸಾಲಿಗೆ ಸೇರುವ ಇನ್ನೊಂದು ಮದ್ದು ಬಿಟಿಐ ಎಂಬ ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸಿಕ್ಕಿದ ಇದು ನುಸಿಮರಿಯ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಮನುಷ್ಯರಿಗೆ, ಮೀನಿಗೆ ಅಪಾಯವಿಲ್ಲ. ಆದರೆ ಬೇವಿನಂತೆ ಇದೂ ಹೆಚ್ಚು ದಿನ ಉಳಿಯುವುದಿಲ್ಲ, ಕೋಶವನ್ನು ಕೊಲ್ಲುವುದಿಲ್ಲ.

ಚೇರ್ತಲೆಯವರು ಮಾಡಿ ತೋರಿಸಿದ್ದು

ಮದ್ದು ಹಾಕುವ ಬದಲು ಗಿಡ ತೆಗೆದು ನುಸಿ ಓಡಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಉಂಟು. ಆಲಪ್ಪುಳ ಜಿಲ್ಲೆಯ ಚೇರ್ತಲೆ ಹಿಂದೆ ಆನೆಕಾಲು ರೋಗಕ್ಕೆ ಹೆಸರಾಗಿತ್ತು. ಅಲ್ಲಿ ರೋಗ ಹರಡುತ್ತಿದ್ದುದು ಮಾನ್ಸೋನಿಯಾ ಎಂಬ ಬೇರೆ ಜಾತಿಯ ನುಸಿ. ಅದರ ಮರಿ ಉಸಿರಿಗಾಗಿ ನೀರಿನ ಮೇಲಕ್ಕೆ ಬರುವುದಿಲ್ಲ. ಅಂತರಗಂಗೆಯಂಥ ತೇಲುವ ಕಳೆಯ ಬೇರಿಗೆ ಕೊಳವೆ ಚುಚ್ಚಿ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ನೀರಿನ ಮೇಲೆ ಎಣ್ಣೆ ಹಾಕಿದರೂ ಅದಕ್ಕೆ ತಾಗದು. ಕಳೆ ಹೋದರೆ ಮಾತ್ರ ಅದೂ ಹೋಗುತ್ತದೆ.

ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರಿನ ವಿಜ್ಞಾನಿಗಳು 1980ರ ದಶಕದಲ್ಲಿ ಅಲ್ಲಿನ ಜನರನ್ನು ಸೇರಿಸಿಕೊಂಡು ಕೆರೆಗಳ ಕಳೆ ತೆಗೆಯುವ ಕೆಲಸಕ್ಕೆ ಇಳಿದರು. ತೆಗೆದ ಕಳೆ ತೆಂಗಿನ ಬುಡಕ್ಕೆ ಗೊಬ್ಬರವಾಯಿತು. ಶುದ್ಧವಾದ ಕೆರೆಯಲ್ಲಿ ಮೀನು ಸಾಕಿದರು, ಕೈಗೆ ನಾಲ್ಕು ಕಾಸು ಬಂತು. ನುಸಿಗಾಗಿ ಎಂದಿದ್ದರೆ ಎರಡು ತಿಂಗಳಲ್ಲಿ ಬೇಸರ ಬರುತ್ತಿತ್ತೋ ಏನೋ. ಗೊಬ್ಬರ, ಮೀನಿನ ಲಾಭ ಕಂಡದ್ದರಿಂದ ಜನರ ಕೈ ನಿಲ್ಲಲಿಲ್ಲ.

ಕಾಸರಗೋಡಿಗೆ ಈ ಪಾಠ ಚೆನ್ನಾಗಿ ಹೊಂದುತ್ತದೆ. ನಮ್ಮಲ್ಲಿ ಅಂತರಗಂಗೆಯ ಜಾಗದಲ್ಲಿ ಅಡಿಕೆ ಹಾಳೆ ಉಂಟು. ಹಿಂದೆ ಹಾಳೆ ತೋಟದಲ್ಲಿ ಕೊಳೆಯಲು ಬಿಟ್ಟವರಿಲ್ಲ. ಮುಟ್ಟಾಳೆಗೆ, ಬೀಸಣಿಗೆಗೆ, ಮಗುವಿಗೆ ಮೀಯಿಸಲು, ದನಕ್ಕೆ ಹಾಕಲು ಎಂದು ಹೆಕ್ಕುತ್ತಿದ್ದರು. ಆಳು ಸಿಗದ ಕಾಲದಲ್ಲಿ ಹಾಳೆ ಬಿದ್ದಲ್ಲೇ ಬಾಯಿ ತೆರೆದು ನೀರು ಹಿಡಿಯತೊಡಗಿತು. ಇಂದು ಹಾಳೆ ತಟ್ಟೆಗೆ ಬೇಡಿಕೆ ಉಂಟು. ಬಿದ್ದ ಹಾಳೆಯನ್ನು ಅಂದಂದೇ ಹೆಕ್ಕಿ ಒಣಗಿಸಿ ತಟ್ಟೆಯ ಘಟಕಕ್ಕೆ ಕೊಟ್ಟರೆ ನಾಲ್ಕು ಕಾಸೂ ಆಯಿತು, ನುಸಿಯ ತೊಟ್ಟಿಲೂ ತಪ್ಪಿತು. ಮಾರಲು ಆಗದಿದ್ದರೆ ಉದ್ದಕ್ಕೆ ಸೀಳಿ ಮರದ ಬುಡಕ್ಕೆ ಕವುಚಿ ಹಾಕಿದರೂ ಸಾಕು. ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ತೋಟದಲ್ಲಿ ತಟ್ಟೆಗಳನ್ನು ಕವುಚಿ ಇಡುವುದು, ಕೊಕ್ಕೋ ಓಡನ್ನು ಒಡೆದು ಮಣ್ಣಿನಡಿ ಮಾಡುವುದು ಇದೇ ಜಾತಿಯ ಕೆಲಸ. ಒಂದು ಹನಿ ಮದ್ದೂ ಬೇಡ.

ಇದು ಹೊಸ ಉಪಾಯವೂ ಅಲ್ಲ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳನ್ನು ಕಂಡು ಅದನ್ನು ಮಗುಚಿದರು. ನುಸಿಯ ಕಾಟ ಕಡಿಮೆಯಾಯಿತು. ಮಲೇರಿಯಾ ಹರಡುವುದು ನುಸಿಯಿಂದ ಎಂದು ಅವರು ಸಿಕಂದರಾಬಾದಿನಲ್ಲಿ ತೋರಿಸಿದ್ದು ಅದಾಗಿ 14 ವರ್ಷಗಳ ಬಳಿಕ, 1897ರಲ್ಲಿ.

ಯಾವ ನೀರಿಗೆ ಯಾವ ಉಪಾಯ?

ಮಗುಚಬಹುದಾದ ನೀರು: ಹಾಳೆ, ಚಿಪ್ಪು, ಟಯರ್, ಹೂಕುಂಡ, ಪ್ಲಾಸ್ಟಿಕ್ ಡಬ್ಬಿ. ವಾರಕ್ಕೊಮ್ಮೆ ಮಗುಚಿ. ಇದಕ್ಕೆ ಬೇವು ಹಾಕುವುದು ಎಣ್ಣೆ ದಂಡ.

ಕುಡಿಯುವ ನೀರು: ಬಲೆ ಅಥವಾ ಮುಚ್ಚಳ, ವಾರಕ್ಕೊಮ್ಮೆ ಉಜ್ಜಿ ತೊಳೆಯುವುದು. ದೊಡ್ಡ ತೊಟ್ಟಿ, ಬಾವಿಯಾದರೆ ಮೀನು.

ಮಗುಚಲೂ ಆಗದ, ಕುಡಿಯಲೂ ಬಳಸದ ನೀರು: ಬಚ್ಚಲು ಹೊಂಡ, ಚರಂಡಿ, ಸಿಪ್ಪೆ ಗುಂಡಿ, ಪೊಟರೆ. ಮಣ್ಣು ಅಥವಾ ಮರಳು ತುಂಬಿ ಮುಚ್ಚಬಹುದಾದರೆ ಮುಚ್ಚಿ. ಆಗದಿದ್ದರೆ ವಾರಕ್ಕೊಮ್ಮೆ ಬೇವಿನೆಣ್ಣೆ ಮಿಶ್ರಣ.

ಗದ್ದೆ: ಬೇವಿನ ಹಿಂಡಿ ಗೊಬ್ಬರವೂ ಹೌದು, ನುಸಿಮರಿಗೆ ತಡೆಯೂ ಹೌದು. ನೀರನ್ನು ನಡುನಡುವೆ ಬತ್ತಿಸಿದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ ಜ್ವರ ಬಂದರೆ ಗಿಡಮದ್ದು ಹುಡುಕುತ್ತ ದಿನ ಕಳೆಯಬಾರದು. ಜ್ವರ ಬಂದವರು ಹಗಲಲ್ಲೂ ಪರದೆಯೊಳಗೆ ಮಲಗುವುದು ಒಳ್ಳೆಯದು. ಅವರನ್ನು ಕಚ್ಚಿದ ನುಸಿಯೇ ಮನೆಯ ಉಳಿದವರಿಗೆ ರೋಗ ತರುತ್ತದೆ. ಡೆಂಗ್ಯೂ ಸಂಶಯವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯ ಉಂಟು. ಜ್ವರ ಇಳಿದ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ನಿಶ್ಶಕ್ತಿ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಡೆಂಗ್ಯೂ ಬಿಗಡಾಯಿಸುವುದು ಹೆಚ್ಚಾಗಿ ಜ್ವರ ಇಳಿಯುವ ಆ ಹೊತ್ತಿನಲ್ಲೇ.

ನೆರೆಮನೆಯ ಲೆಕ್ಕವೂ ಬೇಕು

ಕೇರಳದ ಆರೋಗ್ಯ ಇಲಾಖೆ ಹೇಳುವ ‘ಡ್ರೈ ಡೇ’ ಲೆಕ್ಕ ಸರಳ. ಶುಕ್ರವಾರ ಶಾಲೆ, ಶನಿವಾರ ಕಚೇರಿ, ಆದಿತ್ಯವಾರ ಮನೆ. ಮರಿ ನುಸಿಯಾಗಲು ಬೇಕಾದ ದಿನಕ್ಕಿಂತ ಒಂದು ಹೆಜ್ಜೆ ಮುಂದೆ ಇರುವುದೇ ಇದರ ಗುಟ್ಟು. ಒಂದು ವಾರ ತಪ್ಪಿದರೆ ಆ ವಾರದ ನುಸಿ ಹಾರಿತು ಎಂದೇ ಲೆಕ್ಕ. ಏಡಿಸ್ ಬಹಳ ದೂರ ಹಾರುವುದಿಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿನೊಳಗೇ ಸುತ್ತುತ್ತದೆ. ಹಾಗಾಗಿ ನಮ್ಮನ್ನು ಕಚ್ಚುವ ನುಸಿ ಒಂದೋ ನಮ್ಮ ಅಂಗಳದ್ದು, ಇಲ್ಲವೇ ನೆರೆಮನೆಯದ್ದು. ಬೇಲಿಯ ಈಚೆ ಕನ್ನಡ, ತುಳು ಮಾತನಾಡುವವರು, ಆಚೆ ಮಲಯಾಳ, ಕೊಂಕಣಿ, ಬ್ಯಾರಿ ಮಾತನಾಡುವವರು ಎಂಬ ಭೇದ ಅದಕ್ಕೆ ಇಲ್ಲ.

ಇನ್ನೊಂದು ಮಾತು. ಗಡಿನಾಡಿನ ಬಹಳ ಮನೆಗಳಲ್ಲಿ ತೋಟ ನೋಡಿಕೊಳ್ಳುವ ಹಿರಿಯರಿಗೆ ಮಲಯಾಳ ಕೇಳಿ ಅರ್ಥವಾದರೂ ಓದಲು ಬಾರದು. ಪಂಚಾಯತಿನಿಂದ ಬರುವ ಡ್ರೈ ಡೇ ಚೀಟಿಯನ್ನು ಮನೆಯ ಮಕ್ಕಳು ಅಜ್ಜ, ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಕನ್ನಡ ಶಾಲೆಗಳ ಶುಕ್ರವಾರದ ಕೆಲಸದಲ್ಲಿ ಇದನ್ನೂ ಸೇರಿಸಬಹುದು. ಮಗು ಮನೆಗೆ ಬಂದು ಅಜ್ಜನ ಕೈ ಹಿಡಿದು ತೋಟಕ್ಕೆ ಹೋಗಿ ಎಷ್ಟು ಹಾಳೆ ಮಗುಚಿತು ಎಂದು ಬರೆದಿಟ್ಟರೆ ಸಾಕು.

ಮೇಲಿನಿಂದ ಯಾರೋ ಬಂದು ಸುರಿದು ಹೋಗುವ ಮದ್ದಿನ ಫಲ ಏನೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಿಡಮದ್ದು ಆ ಜಾತಿಯದ್ದಲ್ಲ, ಅದು ತಾನಾಗಿ ಕೆಲಸ ಮಾಡುವುದಿಲ್ಲ. ವಾರ ವಾರ ಹಾಕುವ ಕೈ ಇದ್ದರೆ ಮಾತ್ರ ಮಾಡುತ್ತದೆ. ಮುಂಗಾರಿಗೆ ಕಾಯುವುದು ಯಾಕೆ? ಬರುವ ಆದಿತ್ಯವಾರ ಬೆಳಗ್ಗೆ ಕಾಫಿ ಕುಡಿದು ಒಂದು ಅರ್ಧ ಗಂಟೆ ಅಂಗಳ, ತೋಟಕ್ಕೆ ಇಳಿದು ನೋಡಿದರೆ ಎಲ್ಲಿ ಎಷ್ಟು ನೀರು ನಿಂತಿದೆ ಎಂದು ಗೊತ್ತಾಗುತ್ತದೆ. ಮೊದಲು ಅದನ್ನು ಮಗುಚಿ, ಬೇವಿನ ಬಾಟಲಿಯ ಮುಚ್ಚಳ ಆಮೇಲೆ ತೆಗೆದರಾಯಿತು.